ಕೂಸಿನ ಮೊದಲ ಮೂರು ವರ್ಷ: ಮನೆಬಾಗಿಲಿಗೆ ಹೋಗುವ ಕಾಯಕ

(ಬಾಗಲಕೋಟೆ ಜಿಲ್ಲೆಯ ಮಠವೊಂದರ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ನಾನು ನೀರಾವರಿ ಇಲಾಖೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕಾಲುವೆ, ಸೇತುವೆ, ಅಳತೆ ಪುಸ್ತಕ ಎಂದು ಓಡಾಡಿದವನು. ವೈದ್ಯನಲ್ಲ, ಶಿಕ್ಷಕನೂ ಅಲ್ಲ. ನಿವೃತ್ತಿಯಾದ ಮೇಲೆ ಚಿಕ್ಕ ಮಕ್ಕಳ ಜೊತೆ ಕೆಲಸ ಮಾಡುವ ಕೆಲವು ತರುಣ ತರುಣಿಯರಿಗೆ ಲೆಕ್ಕ, ಅರ್ಜಿ, ವರದಿ ಬರೆದುಕೊಡುತ್ತಿದ್ದೇನೆ. ಅವರ ಬೆನ್ನಹಿಂದೆ ಬಾದಾಮಿ, ಹುನಗುಂದ, ಇಳಕಲ್ಲ ಕಡೆಯ ಓಣಿಗಳನ್ನು ಸುತ್ತಿದ್ದೇನೆ. ಈ ಕೆಲಸ ಶುರುಮಾಡುವುದು ಹೇಗೆ ಎಂದು ಈಗ ಊರೂರಿನಿಂದ ಹುಡುಗ ಹುಡುಗಿಯರು ಕೇಳುತ್ತಾರೆ. ಕಂಡದ್ದು, ಓದಿದ್ದು, ಬಲ್ಲವರನ್ನು ಕೇಳಿ ತಿಳಿದದ್ದು ಇವನ್ನು ಒಂದು ಕ್ರಮದಲ್ಲಿ ತಮ್ಮ ಮುಂದೆ ಇಡುತ್ತೇನೆ.

ವಿಷಯ ಇಷ್ಟು. ಹುಟ್ಟಿದ ಕೂಸು ಸರಿಯಾಗಿ ಕೇಳುತ್ತಿದೆಯೇ, ನೋಡುತ್ತಿದೆಯೇ, ಕುತ್ತಿಗೆ ನಿಲ್ಲಿಸುತ್ತಿದೆಯೇ, ಕರೆದರೆ ತಿರುಗುತ್ತಿದೆಯೇ ಎಂಬುದನ್ನು ಬೇಗ ಗುರುತಿಸಬೇಕು. ಕೊರತೆ ಕಂಡರೆ ಮೂರು ವರ್ಷದೊಳಗೇ ಕೈಹಿಡಿಯಬೇಕು. ಇದಕ್ಕೆ ಶೀಘ್ರ ಮಧ್ಯಸ್ಥಿಕೆ ಎನ್ನುತ್ತಾರೆ. ಇದು ನಡೆಯುವ ಮುಖ್ಯ ಜಾಗ ಮನೆ. ಇದನ್ನು ದಿನವೂ ಮಾಡುವವಳು ತಾಯಿ. ನಾವು ಅವಳಿಗೆ ಕಲಿಸಿಕೊಡುವವರು.

ಯಾಕೆ ಅವಸರ?

ಇಂಜಿನಿಯರ್ ಭಾಷೆಯಲ್ಲಿ ಹೇಳುತ್ತೇನೆ. ಕಾಂಕ್ರೀಟ್ ಹಾಕಿದ ಮೇಲೆ ಮೊದಲ ದಿನಗಳಲ್ಲಿ ನೀರುಣಿಸಬೇಕು. 28 ದಿನಕ್ಕೆ ಬರುವ ಬಲದಲ್ಲಿ ಸುಮಾರು ಮೂರನೇ ಎರಡು ಭಾಗ ಮೊದಲ 7 ದಿನದಲ್ಲೇ ಬರುತ್ತದೆ. ಆ ವಾರ ಒಣಗಲು ಬಿಟ್ಟು, ತಿಂಗಳ ನಂತರ ಟ್ಯಾಂಕರ್ ತಂದು ಸುರಿದರೆ ಕಳೆದ ಬಲ ಮರಳುವುದಿಲ್ಲ. ಕೂಸು ಕಾಂಕ್ರೀಟ್ ಅಲ್ಲ, ಮನುಷ್ಯ ಕಡೆಯವರೆಗೂ ಕಲಿಯುತ್ತಾನೆ. ಆದರೆ ಮಿದುಳು ಎರಡು ಮೂರು ವರ್ಷದೊಳಗೇ ದೊಡ್ಡವರ ಮಿದುಳಿನ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಗಾತ್ರಕ್ಕೆ ಬೆಳೆದಿರುತ್ತದೆ. ಆಗ ಹಾಕಿದ ಒಂದು ತಾಸಿನ ಶ್ರಮ ಕೊಡುವ ಫಲವನ್ನು ಏಳನೆಯ ವರ್ಷದಲ್ಲಿ ಹಾಕಿದ ಒಂದು ತಾಸು ಕೊಡಲಾರದು.

ಮೂರು ಉದಾಹರಣೆ ನೋಡಿ. ಮೊದಲನೆಯದು ಕಿವಿ. ಜಗತ್ತಿನೆಲ್ಲೆಡೆ ತಜ್ಞರು ಒಪ್ಪಿದ ಲೆಕ್ಕ 1, 3, 6. ಅಂದರೆ 1 ತಿಂಗಳೊಳಗೆ ಕಿವಿಯ ತಪಾಸಣೆ, 3 ತಿಂಗಳೊಳಗೆ ಖಚಿತ ಪರೀಕ್ಷೆ, 6 ತಿಂಗಳೊಳಗೆ ಶ್ರವಣ ಯಂತ್ರ ಮತ್ತು ಮಾತಿನ ತರಬೇತಿ. ಮಾತು ಬರುವುದು ಕಿವಿಯ ದಾರಿಯಿಂದ. ನಾಲ್ಕು ವರ್ಷ ಆ ದಾರಿ ಮುಚ್ಚಿಯೇ ಇದ್ದರೆ ಮಾತು ಎಲ್ಲಿಂದ ಬಂದೀತು? ಎರಡನೆಯದು ತಿರುಚಿದ ಪಾದ. ಹುಟ್ಟಿದ ಮೊದಲ ವಾರಗಳಲ್ಲೇ ಪಾನ್ಸೆಟಿ ವಿಧಾನದಲ್ಲಿ ವಾರಕ್ಕೊಂದರಂತೆ ಪ್ಲಾಸ್ಟರ್ ಹಾಕುತ್ತ ಪಾದವನ್ನು ನಿಧಾನವಾಗಿ ನೇರ ಮಾಡುತ್ತಾರೆ. ಆಮೇಲೆ ನಾಲ್ಕು ವರ್ಷದವರೆಗೆ ವಿಶೇಷ ಬೂಟು ಹಾಕಿಸಬೇಕು. ಬಹುಪಾಲು ಮಕ್ಕಳು ದೊಡ್ಡ ಶಸ್ತ್ರಚಿಕಿತ್ಸೆ ಇಲ್ಲದೆ ನಡೆಯುತ್ತಾರೆ. ಮೂರನೆಯದು ಕಣ್ಣು. ದಿನ ತುಂಬುವ ಮೊದಲೇ ಹುಟ್ಟಿದ, ತೂಕ 2 ಕಿಲೋಕ್ಕಿಂತ ಕಡಿಮೆ ಇರುವ ಕೂಸಿನ ಅಕ್ಷಿಪಟಲದ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕಣ್ಣು ಹೋಗಬಹುದು. 30 ದಿನದೊಳಗೆ ಕಣ್ಣು ಪರೀಕ್ಷಿಸಿದರೆ, ಬೇಕಾದವರಿಗೆ ಲೇಸರ್ ಚಿಕಿತ್ಸೆಯಿಂದ ಕಣ್ಣು ಉಳಿಸಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಇದಕ್ಕೆಂದೇ ಕಿಡ್‌ರಾಪ್ ಯೋಜನೆ ಶುರುಮಾಡಿದರು. ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗೇ ಹೋಗುತ್ತಾರೆ, ತೆಗೆದ ಚಿತ್ರವನ್ನು ದೂರದ ತಜ್ಞರು ನೋಡಿ ಹೇಳುತ್ತಾರೆ. ಕರ್ನಾಟಕದಲ್ಲೇ ಬೆಳೆದ ವಿಧಾನ ಇದು.

ಕೂಡಲಸಂಗಮದ ಐಕ್ಯಮಂಟಪವನ್ನು ನೆನೆಯಿರಿ. ಹಿನ್ನೀರು ನುಂಗಬಾರದೆಂದು ಅದರ ಸುತ್ತ ಬಾವಿಯಂತೆ ಗೋಡೆ ಕಟ್ಟಿದ್ದಾರೆ. ಮೆಟ್ಟಿಲಿಳಿದು ಹೋಗಿ ದರ್ಶನ ಮಾಡುತ್ತೇವೆ. ನೀರು ನಿಂತ ಮೇಲೆ ಆ ಗೋಡೆ ಕಟ್ಟುವುದು ಎಷ್ಟು ಕಷ್ಟ ಎಂಬುದನ್ನು ನನ್ನಂಥವರನ್ನು ಕೇಳಿ.

ಮಠಗಳಿಗೆ ಇದು ಹೊಸದಲ್ಲ

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಕಣ್ಣಿಲ್ಲದೆ ಹುಟ್ಟಿದ ಬಾಲಕನ ಕಂಠವನ್ನು ಹಾನಗಲ್ಲ ಕುಮಾರ ಶಿವಯೋಗಿಗಳು ಗುರುತಿಸಿದರು, ಸಂಗೀತ ಕಲಿಸಿದರು. ಆ ಬಾಲಕ ಗಾನಯೋಗಿ ಪಂಚಾಕ್ಷರಿ ಗವಾಯಿಗಳಾದರು. ಅವರು ಎಳವೆಯಲ್ಲೇ ಕಣ್ಣು ಕಳೆದುಕೊಂಡ ಇನ್ನೊಬ್ಬ ಬಾಲಕನ ಕೈಹಿಡಿದರು. ಆ ಬಾಲಕ ಪುಟ್ಟರಾಜ ಗವಾಯಿಗಳಾದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳು ಅನ್ನ, ವಿದ್ಯೆ, ಬದುಕು ಕಂಡರು. ಇದೇ ಕುಮಾರ ಶಿವಯೋಗಿಗಳು 1909ರಲ್ಲಿ ನಮ್ಮ ಬಾದಾಮಿ ಹತ್ತಿರ ಮಲಪ್ರಭೆಯ ದಂಡೆಗೆ ಶಿವಯೋಗ ಮಂದಿರ ಕಟ್ಟಿದವರು.

ಅಂದು ಮಗು ಮಠಕ್ಕೆ ಬರುತ್ತಿತ್ತು. ಓಡಾಡುವಷ್ಟು, ಕಲಿಯುವಷ್ಟು ದೊಡ್ಡದಾದ ಮೇಲೆ ಬರುತ್ತಿತ್ತು. ಇಂದು ಮಠವೇ ತೊಟ್ಟಿಲಿನ ಹತ್ತಿರ ಹೋಗಬೇಕಾಗಿದೆ. ಆ ಮುಂದಿನ ಹೆಜ್ಜೆಯನ್ನು ನಾವು ಇಡಬೇಕು.

ಇಲ್ಲಿ ಒಂದು ಕಹಿ ಮಾತು ಆಡಲೇಬೇಕು. ಮನೆಗಳಿಗೆ ಹೋದಾಗ ಪದೇ ಪದೇ ಕಿವಿಗೆ ಬೀಳುವ ಮಾತು ಮೂರು. "ಹಿಂದಿನ ಜನ್ಮದ ಕರ್ಮರೀ ಸಾಹೇಬ್ರ" ಎನ್ನುವುದು ಒಂದು. "ಅವರಪ್ಪನೂ ಮೂರು ವರ್ಷಕ್ಕ ಮಾತಾಡಿದ್ದ, ಇದೂ ಆಡತೈತಿ ಬಿಡ್ರಿ" ಎನ್ನುವುದು ಎರಡು. "ಹೊರಗ ಗೊತ್ತಾದರ ಅದರ ಅಕ್ಕನ ಲಗ್ನ ಆಗೂದಿಲ್ಲ" ಎನ್ನುವುದು ಮೂರು. ಈ ಮೂರರಲ್ಲಿ ಯಾವುದೂ ಕೂಸಿನ ತಪ್ಪಲ್ಲ. ಆದರೆ ಮೂರಕ್ಕೂ ಬೆಲೆ ಕೊಡುವುದು ಕೂಸು ಮತ್ತು ಅದರ ತಾಯಿ.

ಹುಟ್ಟಿನಿಂದ ಮೈಲಿಗೆ ಎಂಬುದನ್ನೇ ಶರಣರು ಒಪ್ಪಲಿಲ್ಲ. ನಾವು ಹಸುಗೂಸಿಗೆ ಲಿಂಗಧಾರಣೆ ಮಾಡುತ್ತೇವೆ. ಆ ಹೊತ್ತಿನಲ್ಲಿ ಈ ಕೂಸಿಗೆ ಕಿವಿ ಕೇಳುತ್ತದೆಯೇ, ನಾಳೆ ಇದು ನಡೆಯುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಲಿಂಗ ಕಟ್ಟಿದ ಮೇಲೆ ಆ ಜೀವ ಪೂರ್ಣ. ಹಾಗಿದ್ದ ಮೇಲೆ ಅದನ್ನು ಒಳಕೋಣೆಯಲ್ಲಿ ಬಚ್ಚಿಡುವ ಹಕ್ಕು ನಮಗೆಲ್ಲಿದೆ?

ಇನ್ನೊಂದು ಮಾತು. ಅಕ್ಕನ ಮಗಳನ್ನು ತಮ್ಮ ಮದುವೆಯಾಗುವುದು, ಸೋದರತ್ತೆ ಸೋದರಮಾವನ ಮಕ್ಕಳಲ್ಲಿ ಲಗ್ನ ಮಾಡುವುದು ನಮ್ಮ ಭಾಗದ ರೂಢಿ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದರೆ ಹುಟ್ಟುಗಿವುಡು ಮತ್ತು ಕೆಲವು ಆನುವಂಶಿಕ ತೊಂದರೆಗಳ ಸಂಭವ ಹೆಚ್ಚು. ಆಗಿಹೋದ ಮದುವೆಗಳನ್ನು ಹಳಿಯಬೇಕಿಲ್ಲ. ಅಂಥ ಮನೆಯಲ್ಲಿ ಹುಟ್ಟಿದ ಕೂಸಿನ ಕಿವಿಯನ್ನು ಮೊದಲ ತಿಂಗಳಲ್ಲೇ ತೋರಿಸಿ. ಮುಂದಿನ ಮದುವೆಗಳ ಬಗ್ಗೆ ಮಠಗಳಲ್ಲಿ ಮಾತು ನಡೆಯಲಿ.

ಸರ್ಕಾರದ ಬಲೆ ಎಲ್ಲಿಯವರೆಗೆ ಹರಡಿದೆ

ಈ ಕೆಲಸಕ್ಕೆ ಇಳಿಯುವವರು ಮೊದಲು ಇರುವ ವ್ಯವಸ್ಥೆಯನ್ನು ಅರಿಯಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಆಮೇಲೆ 3, 6, 9, 12, 15 ತಿಂಗಳಿಗೆ ಮತ್ತೆ ಬರಬೇಕು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅದರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ತಪಾಸಣೆ ಮಾಡುತ್ತದೆ. ಹುಟ್ಟಿನಿಂದ ಬಂದ ದೋಷ, ಕಾಯಿಲೆ, ಪೌಷ್ಟಿಕ ಕೊರತೆ, ಬೆಳವಣಿಗೆಯ ವಿಳಂಬ ಈ ನಾಲ್ಕನ್ನೂ ಅದು ನೋಡುತ್ತದೆ. ತೊಂದರೆ ಕಂಡ ಮಗುವನ್ನು ಕಳಿಸಲು ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಎಂಬ ಕೇಂದ್ರದ ಯೋಜನೆ ಇದೆ. ಮಕ್ಕಳ ವೈದ್ಯರು, ಫಿಸಿಯೋಥೆರಪಿಸ್ಟ್, ಶ್ರವಣ ಮತ್ತು ವಾಕ್ ತಜ್ಞರು, ಮನಶ್ಶಾಸ್ತ್ರಜ್ಞರು, ವಿಶೇಷ ಶಿಕ್ಷಕರು ಒಂದೇ ಸೂರಿನಡಿ ಇರಬೇಕೆಂಬುದು ಅದರ ವಿನ್ಯಾಸ. ಗ್ರಾಮ ಪಂಚಾಯತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಪಂಚಾಯತಿಯ ಸ್ವಂತ ಆದಾಯದಲ್ಲಿ ಶೇ. 5ರಷ್ಟು ಅಂಗವಿಕಲರಿಗಾಗಿ ಖರ್ಚಾಗಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ.

ಇಷ್ಟೆಲ್ಲ ಇದ್ದರೂ ಕೂಸು ಯಾಕೆ ತಡವಾಗಿ ಬರುತ್ತದೆ? ಕಾಲುವೆಯ ಭಾಷೆಯಲ್ಲಿ ಹೇಳುವುದಾದರೆ ಮುಖ್ಯ ಕಾಲುವೆ ಇದೆ, ಹೊಲಗಾಲುವೆ ಇಲ್ಲ. ಇಳಕಲ್ಲದಿಂದ ಬಾಗಲಕೋಟೆಗೆ ಹೋಗಿಬರುವುದೆಂದರೆ ನೇಕಾರನಿಗೂ ಕಲ್ಲುಗಣಿಯ ಕೂಲಿಯವನಿಗೂ ಒಂದು ದಿನದ ದುಡಿಮೆ ಹೋಯಿತು. ವಾರಕ್ಕೆ ಎರಡು ಸಲ ಥೆರಪಿಗೆ ಬನ್ನಿ ಎಂದರೆ ಎರಡನೆಯ ತಿಂಗಳಿಗೆ ಬರುವುದು ನಿಲ್ಲುತ್ತದೆ. ಬಾದಾಮಿ, ಹುನಗುಂದ ಕಡೆಯವರು ಗೋವಾ, ಮಂಗಳೂರಿಗೆ ದುಡಿಯಲು ಹೋಗುತ್ತಾರೆ. ತಪಾಸಣೆಯ ತಂಡ ಅಂಗನವಾಡಿಗೆ ಬಂದ ದಿನ ಮಗು ಊರಲ್ಲಿರುವುದಿಲ್ಲ. ಕಟ್ಟಬೇಕಾದದ್ದು ಆ ಕೊನೆಯ ಹೊಲಗಾಲುವೆಯನ್ನು.

ಶುರುಮಾಡುವವರಿಗೆ ಏಳು ಮಾತು

ಒಂದು, ಕಲಿಕೆ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ ಪ್ರಕಾರ ವಿಶೇಷ ಶಿಕ್ಷಕರು, ಶ್ರವಣ ಮತ್ತು ವಾಕ್ ತಜ್ಞರು ಮೊದಲಾದವರು ಮಾನ್ಯತೆ ಪಡೆದ ಕೋರ್ಸ್ ಮುಗಿಸಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕು. ಪಿಯುಸಿ ಮುಗಿಸಿದವರಿಗೆ ವಿಶೇಷ ಶಿಕ್ಷಣದ ಎರಡು ವರ್ಷದ ಡಿಪ್ಲೊಮಾ ಇದೆ. ಸಮುದಾಯದಲ್ಲಿ ಕೆಲಸ ಮಾಡುವವರಿಗೆ ಸಿಬಿಐಡಿ ಎಂಬ ಆರು ತಿಂಗಳ ಪಠ್ಯಕ್ರಮ ಇದೆ. ಕಿವಿ, ಮಾತಿನ ವಿಷಯಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ನಾಡಿನ ಹೆಮ್ಮೆ. ಓದದೆ, ನೋಂದಾಯಿಸದೆ ಥೆರಪಿಸ್ಟ್ ಎಂದು ಬೋರ್ಡ್ ಹಾಕಬೇಡಿ. ಪದವಿ ಇಲ್ಲದವರೂ ತಾಯಂದಿರ ಗುಂಪು ನಡೆಸಬಹುದು, ಆಸ್ಪತ್ರೆಗೆ ಜೊತೆಯಾಗಿ ಹೋಗಬಹುದು. ಅದೂ ದೊಡ್ಡ ಕೆಲಸ.

ಎರಡು, ಕಣ್ಣು ಪಳಗಿಸುವುದು. ಈ ಲೆಕ್ಕ ಬಾಯಿಪಾಠವಾಗಲಿ. 2 ತಿಂಗಳಿಗೆ ಮುಖ ನೋಡಿ ನಗು. 4 ತಿಂಗಳಿಗೆ ಕುತ್ತಿಗೆ ನಿಲ್ಲಬೇಕು. 9 ತಿಂಗಳಿಗೆ ಆಸರೆ ಇಲ್ಲದೆ ಕೂರಬೇಕು, ಹೆಸರು ಹಿಡಿದು ಕರೆದರೆ ತಿರುಗಬೇಕು. ವರ್ಷ ತುಂಬುವ ಹೊತ್ತಿಗೆ ಕೈಸನ್ನೆ, ಬೆರಳು ತೋರುವುದು ಬರಬೇಕು. 18 ತಿಂಗಳಿಗೆ ನಡೆಯಬೇಕು. 2 ವರ್ಷಕ್ಕೆ ಎರಡು ಪದ ಕೂಡಿಸಿ ಮಾತಾಡಬೇಕು. ವರ್ಷದೊಳಗಿನ ಕೂಸು ಒಂದೇ ಕೈ ಬಳಸುತ್ತಿದ್ದರೆ ಅದೂ ಎಚ್ಚರಿಕೆಯ ಗಂಟೆ. ಬಂದಿದ್ದ ಮಾತು, ನಗು, ಆಟ ಯಾವ ವಯಸ್ಸಿನಲ್ಲಿ ಮಾಯವಾದರೂ ಅಂದೇ ವೈದ್ಯರ ಹತ್ತಿರ ಹೋಗಬೇಕು. ತಿರುವನಂತಪುರದ ಮಕ್ಕಳ ಬೆಳವಣಿಗೆ ಕೇಂದ್ರದವರು 2 ವರ್ಷದೊಳಗಿನ ಮಕ್ಕಳಿಗಾಗಿ 17 ಅಂಶಗಳ ಒಂದು ಸರಳ ಪಟ್ಟಿ ಮಾಡಿದ್ದಾರೆ. ಅಂಗನವಾಡಿ ಕಾರ್ಯಕರ್ತೆಯೂ ಅದನ್ನು ಬಳಸಬಹುದು. ಪಟ್ಟಿಯ ಕೆಲಸ ಅನುಮಾನ ಹುಟ್ಟಿಸುವುದು ಅಷ್ಟೇ. ರೋಗದ ಹೆಸರು ಹೇಳುವುದು ವೈದ್ಯರ ಕೆಲಸ.

ಮೂರು, ಮೊದಲ ಮನೆಗಳು. ಊರೆಲ್ಲ ಸಮೀಕ್ಷೆ ಮಾಡಲು ಹೋಗಬೇಡಿ. ಆಶಾ, ಅಂಗನವಾಡಿ ಕಾರ್ಯಕರ್ತೆಯರನ್ನು ಕಂಡು ಈ ಮಕ್ಕಳನ್ನು ಕೇಳಿ: ಹುಟ್ಟಿದಾಗ ಅಳದವು, ತೂಕ ಕಡಿಮೆ ಇದ್ದವು, ದಿನ ತುಂಬದೆ ಹುಟ್ಟಿದವು, ಕಾಮಾಲೆ ಜೋರಾಗಿದ್ದವು, ಫಿಟ್ಸ್ ಬಂದವು, ಗಾಜಿನ ಪೆಟ್ಟಿಗೆಯಲ್ಲಿ ಇದ್ದು ಬಂದವು. ಐದು ಮನೆಯಿಂದ ಶುರುಮಾಡಿ. ಜಿಲ್ಲಾ ಆಸ್ಪತ್ರೆಯ ಕೇಂದ್ರ, ಬಾಗಲಕೋಟೆಯ ಹಾನಗಲ್ಲ ಕುಮಾರೇಶ್ವರ ಆಸ್ಪತ್ರೆಯಂಥ ವೈದ್ಯಕೀಯ ಕಾಲೇಜಿನ ಮಕ್ಕಳ ವಿಭಾಗ ಇವರಿಗೆ ನಿಮ್ಮ ಮುಖ ಪರಿಚಯ ಇರಲಿ. ವೈದ್ಯರ ಚೀಟಿ ಇಲ್ಲದ ಕೂಸಿಗೆ ವ್ಯಾಯಾಮ ಮಾಡಿಸಬೇಡಿ.

ನಾಲ್ಕು, ಭೇಟಿಯ ಕ್ರಮ. ಅಮೆರಿಕದ ಪೋರ್ಟೇಜ್ ಎಂಬ ಊರಿನ ಹೆಸರಿನಲ್ಲಿ 1969ರಿಂದ ಬೆಳೆದ ಒಂದು ಪದ್ಧತಿ ಇದೆ. ನಮ್ಮ ದೇಶದಲ್ಲೂ ಬಳಕೆಯಲ್ಲಿದೆ. ಕಾರ್ಯಕರ್ತೆ ವಾರಕ್ಕೊಮ್ಮೆ ಮನೆಗೆ ಹೋಗುತ್ತಾಳೆ. ಮೊದಲು ತಾಯಿ ಹೇಳುವುದನ್ನು ಕೇಳುತ್ತಾಳೆ, ಕೂಸನ್ನು ನೋಡುತ್ತಾಳೆ. ಆ ವಾರಕ್ಕೆ ಒಂದೇ ಒಂದು ಗುರಿ ಆರಿಸುತ್ತಾಳೆ. ತಾನು ಮಾಡಿ ತೋರಿಸುತ್ತಾಳೆ, ಆಮೇಲೆ ತನ್ನೆದುರೇ ತಾಯಿಯಿಂದ ಮಾಡಿಸುತ್ತಾಳೆ. ಬರೆದಿಡುತ್ತಾಳೆ. ಮುಂದಿನ ವಾರ ಅಲ್ಲಿಂದಲೇ ಶುರು.

ಇಳಕಲ್ಲದ ಒಂದು ಮನೆಯಲ್ಲಿ ಕಂಡದ್ದು ಹೇಳುತ್ತೇನೆ. ತಾಯಿ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತರೆ ಸಂಜೆಯವರೆಗೆ ಏಳುವಂತಿಲ್ಲ. ಹತ್ತು ತಿಂಗಳ ಕೂಸು ದಿನವಿಡೀ ತೊಟ್ಟಿಲಲ್ಲಿ ಅಂಗಾತ ಮಲಗಿರುತ್ತಿತ್ತು. ಕುತ್ತಿಗೆ ಇನ್ನೂ ಜೋಲುತ್ತಿತ್ತು. ವೈದ್ಯರು ನೋಡಿ ದಾರಿ ತೋರಿದ್ದರು. ನಮ್ಮ ಹುಡುಗಿ "ಮಗ್ಗ ಬಿಡ್ರಿ" ಎನ್ನಲಿಲ್ಲ. ಮಗ್ಗದ ಪಕ್ಕ ನೆಲಕ್ಕೆ ಕೌದಿ ಹಾಸಿಸಿದಳು. ಕೂಸು ಎಚ್ಚರವಿರುವಾಗ ಎದೆಯಡಿ ಸುತ್ತಿದ ಅರಿವೆ ಇಟ್ಟು ಬೋರಲು ಮಲಗಿಸುವುದು, ನೂಲು ಕಡಿದು ಲಾಳಿ ನಿಂತಾಗಲೆಲ್ಲ ತಾಯಿ ಅದರ ಹೆಸರು ಕರೆದು ಗಿಲಕಿ ಆಡಿಸುವುದು, ಇಷ್ಟೇ ಆ ವಾರದ ಪಾಠ. ಮೊದಲ ವಾರ ಕೂಸು ಅತ್ತಿತು, ಅಜ್ಜಿ ಬೈದಳು. ನಾಲ್ಕನೆಯ ವಾರಕ್ಕೆ ಅಜ್ಜಿಯೇ ಗಿಲಕಿ ಹಿಡಿದು ಕುಳಿತಿದ್ದಳು. ಆ ಕೂಸು ಕೂರಲು ಕಲಿಯಿತು. ಇನ್ನೂ ನಡೆದಿಲ್ಲ, ನಡೆಯದೆಯೂ ಇರಬಹುದು. ಆದರೆ ಕುಳಿತು ತನ್ನ ಕೈಯಿಂದ ರೊಟ್ಟಿ ತಿನ್ನುತ್ತದೆ. ಆ ಮನೆಯಲ್ಲಿ ಅದು ಸಣ್ಣ ಮಾತಲ್ಲ.

ಸಾಮಾನು ಕೊಳ್ಳುವ ಅಗತ್ಯ ಕಡಿಮೆ. ಗಂಗಾಳ, ಚಮಚೆ, ಕಡಲೆ ತುಂಬಿ ಬಿಗಿಯಾಗಿ ಮುಚ್ಚಿದ ಡಬ್ಬಿ ಸಾಕು. ಎರಡು ಎಚ್ಚರಿಕೆ ಮಾತ್ರ ಮರೆಯಬೇಡಿ. ಮೈ ಬಿಗಿಯಿರುವ ಕೂಸಿನ ಕೈಕಾಲನ್ನು ಎಣ್ಣೆ ಹಚ್ಚುವಾಗ ಜಗ್ಗಬಾರದು. ನುಂಗಲು ಕಷ್ಟಪಡುವ ಕೂಸನ್ನು ಮಲಗಿಸಿ ಉಣಿಸಬಾರದು, ತಲೆ ಎತ್ತಿ ಕೂರಿಸಿ ಉಣಿಸಬೇಕು.

ಐದು, ದಾಖಲೆ. ನಮ್ಮ ಇಲಾಖೆಯಲ್ಲಿ ಅಳತೆ ಪುಸ್ತಕದಲ್ಲಿ ಇಲ್ಲದ ಕೆಲಸ ಆಗೇ ಇಲ್ಲ. ಪ್ರತಿ ಕೂಸಿಗೆ ಎರಡು ನೋಟಬುಕ್ಕು ಇರಲಿ. ಒಂದು ನಿಮ್ಮ ಹತ್ತಿರ, ಒಂದು ತಾಯಿಯ ಹತ್ತಿರ. ಮನೆಯವರು ಗೋವಾಕ್ಕೆ ಹೋದರೆ ಆ ಪುಸ್ತಕವೂ ಹೋಗುತ್ತದೆ, ಅಲ್ಲಿಯ ವೈದ್ಯರಿಗೆ ದಾರಿ ಗೊತ್ತಾಗುತ್ತದೆ. ಯುಡಿಐಡಿ ಕಾರ್ಡು ಮಾಡಿಸಿಕೊಡಿ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿ ಬೆಳವಣಿಗೆಯ ಕೊರತೆ, ಬಹುವಿಧ ವೈಕಲ್ಯ ಇರುವವರಿಗೆ ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆ 1 ಲಕ್ಷ ರೂಪಾಯಿವರೆಗೆ ಇದೆ. ಅರ್ಜಿ ತುಂಬಲು ನನ್ನಂಥ ಪಿಂಚಣಿದಾರರು ಊರಿಗೆ ನಾಲ್ಕು ಜನ ಇದ್ದೇವೆ. ನಮ್ಮನ್ನು ದುಡಿಸಿಕೊಳ್ಳಿ.

ಆರು, ಹಣ. ಇದನ್ನು ಮುಚ್ಚಿಡಬಾರದು. ದೂರದ ಊರುಗಳಿಗೆ ಹೋಗುವವರು ದಿನಕ್ಕೆ ನಾಲ್ಕು ಮನೆಗಿಂತ ಹೆಚ್ಚು ಮಾಡಲಾರರು. ಪೆಟ್ರೋಲು, ಫೋನು, ಮಳೆಗಾಲ ಎಲ್ಲ ಲೆಕ್ಕಕ್ಕೆ ಬರುತ್ತವೆ. ಇದ್ದವರಿಂದ ಶುಲ್ಕ ತೆಗೆದುಕೊಳ್ಳಿ, ಇಲ್ಲದವರ ಪಾಲನ್ನು ದಾಸೋಹ ಹೊರಲಿ. ಸೇವೆ ಎಂಬ ಹೆಸರಿನಲ್ಲಿ ಕಲಿತ ಹುಡುಗಿಯನ್ನು ಪುಕ್ಕಟೆ ದುಡಿಸುವುದು ಕಾಯಕ ತತ್ವಕ್ಕೆ ಸಲ್ಲದು. ಹಾಗೆ ದುಡಿಸಿದರೆ ಅವಳು ಎರಡನೆಯ ವರ್ಷಕ್ಕೆ ಬೆಂಗಳೂರಿಗೆ ಹೋಗುತ್ತಾಳೆ. ಅವಳ ಕೈಯಲ್ಲಿದ್ದ ಇಪ್ಪತ್ತು ಕೂಸುಗಳು ಮತ್ತೆ ತೊಟ್ಟಿಲಿಗೆ ಹೋಗುತ್ತವೆ.

ಏಳು, ನಡತೆ. ಗುಣವಾಗುತ್ತದೆ ಎಂದು ಭಾಷೆ ಕೊಡಬೇಡಿ. ಆಗುವುದಿಲ್ಲ ಎಂದೂ ಷರಾ ಬರೆಯಬೇಡಿ. ತಾಯಿಯೋ ಅಜ್ಜಿಯೋ ಎದುರಿಗಿಲ್ಲದೆ ಕೂಸನ್ನು ಮುಟ್ಟಬೇಡಿ. ಒಂದು ಮನೆಯ ಮಾತು ಇನ್ನೊಂದು ಮನೆಯ ಕಟ್ಟೆಗೆ ಹೋಗಬಾರದು. ಕೂಸಿನ ಫೋಟೋ ಫ್ಲೆಕ್ಸ್ ಮೇಲೆ ಬರಬಾರದು, ದಾನಿಗಳು ಎಷ್ಟೇ ದೊಡ್ಡವರಿದ್ದರೂ ಸರಿ. ತಾಯಿಯನ್ನು ಬೈಯಬೇಡಿ. ಅವಳನ್ನು ಬೈಯುವವರು ಈಗಾಗಲೇ ಬೇಕಾದಷ್ಟಿದ್ದಾರೆ. ತಂದೆಯನ್ನು ಒಂದು ಭೇಟಿಗಾದರೂ ಕೂರಿಸಿಕೊಳ್ಳಿ.

ಮಠಗಳಲ್ಲಿ ವಿನಂತಿ

ಪೂಜ್ಯರಲ್ಲಿ ನನ್ನದು ನಾಲ್ಕೇ ವಿನಂತಿ. ಅಮಾವಾಸ್ಯೆಗೆ ಜನ ಹೇಗೂ ಮಠಕ್ಕೆ ಬರುತ್ತಾರೆ. ಅಂದು ಒಂದು ಕೋಣೆ, ಒಂದು ಚಾಪೆ, ಕುಡಿಯುವ ನೀರು ಕೊಡಿ. ಕಲಿತವರು ಕುಳಿತು ಮೂರು ವರ್ಷದೊಳಗಿನ ಮಕ್ಕಳನ್ನು ನೋಡಲಿ. ಎರಡನೆಯದು, ಲಿಂಗಧಾರಣೆಗೆ ಕೂಸು ಬಂದಾಗ "ಕಿವಿ ತೋರಿಸೀರೇನು ತಾಯಿ?" ಎಂದು ಅಪ್ಪಗಳೇ ಒಂದು ಮಾತು ಕೇಳಲಿ. ವೈದ್ಯರು ಹತ್ತು ಸಲ ಹೇಳಿದ್ದು ಗುರುವಿನ ಬಾಯಿಂದ ಒಮ್ಮೆ ಬಂದರೆ ಮನೆಯವರು ಎದ್ದು ಹೊರಡುತ್ತಾರೆ. ಮೂರನೆಯದು, ಮಾತು ಬಾರದ ಕೂಸನ್ನು ಕರೆತಂದವರಿಗೆ ತಾಯತ, ವಿಭೂತಿ ಕೊಟ್ಟು ಕಳಿಸುವ ಜಾಗಗಳು ನಮ್ಮಲ್ಲಿ ಇನ್ನೂ ಇವೆ. ಅಲ್ಲಿ ಕಳೆಯುವ ಒಂದೊಂದು ವರ್ಷವೂ ಆ ಕೂಸಿನ ಬದುಕಿನಿಂದ ಹೋಗುತ್ತದೆ. ನಮ್ಮ ಮಠಗಳಾದರೂ ಆಸ್ಪತ್ರೆಯ ದಾರಿ ತೋರಿಸಲಿ. ನಾಲ್ಕನೆಯದು, ಊರಿಗೊಬ್ಬ ಹುಡುಗಿಯನ್ನು ಈ ಕೋರ್ಸ್ ಓದಿಸಿ. ಅವಳು ಮರಳಿ ಬಂದು ಮೂರು ವರ್ಷ ಇಲ್ಲಿ ದುಡಿಯುವಂತೆ ಗೌರವದ ಸಂಬಳ ಕಟ್ಟಿಕೊಡಿ.

ಇಳಕಲ್ಲದ ಡಾ. ಮಹಾಂತ ಅಪ್ಪಗಳು ಜೋಳಿಗೆ ಹಿಡಿದು ಊರೂರು ತಿರುಗಿದರು. ಅವರು ಕೇಳಿದ್ದು ಕಾಳಲ್ಲ, ಹಣವಲ್ಲ. ಜನರ ದುಶ್ಚಟಗಳನ್ನು ಕೇಳಿದರು. ಜನ ಗುಟ್ಕಾ, ಬೀಡಿ, ಶರೆಯನ್ನು ಆ ಜೋಳಿಗೆಗೆ ಹಾಕಿ ಹಗುರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತದೆ. ಈ ಭಾಗದ ಜನ ಜೋಳಿಗೆಗೆ ಏನನ್ನು ಹಾಕಬಲ್ಲರು ಎಂಬುದು ನಮಗೆ ಗೊತ್ತು. ಆ ಜೋಳಿಗೆಗೆ ಇನ್ನೆರಡನ್ನು ಹಾಕೋಣ: ಕೂಸನ್ನು ಬಚ್ಚಿಡುವ ನಾಚಿಕೆ, ನಾಳೆ ನೋಡೋಣ ಎಂಬ ತಡ.

ಇಂದು ಮನೆಗೆ ಹೋದ ಮೇಲೆ ತಮ್ಮ ಓಣಿಯಲ್ಲಿ ಮೂರು ವರ್ಷದೊಳಗಿನ ಕೂಸು ಇರುವ ಒಂದು ಮನೆ ನೆನಪು ಮಾಡಿಕೊಳ್ಳಿ. ಆ ಕೂಸು ನಗುತ್ತದೆಯೇ, ಕರೆದರೆ ತಿರುಗುತ್ತದೆಯೇ, ವಯಸ್ಸಿಗೆ ತಕ್ಕಂತೆ ಕೂರುತ್ತದೆಯೇ ಎಂದು ನೋಡಿ. ಅನುಮಾನ ಬಂದರೆ ಆ ತಾಯಿಯ ಜೊತೆ ಆಸ್ಪತ್ರೆಗೆ ಒಂದು ದಿನ ಹೋಗಿಬನ್ನಿ. ಕೆಲಸ ಅಲ್ಲಿಂದ ಶುರುವಾಗುತ್ತದೆ.